ಕೆಂಪು ಚುಕ್ಕಿಯಾದ ಹನುಮಕ್ಕ

ಲೇತ್ ಯಂತ್ರದ ಮುಂದೆ ಬಾಳೆಎಲೆ ಹಾಸಿ, ಅದರ ಮೇಲೆ ಮೊರದ ತುಂಬ ಮಂಡಕ್ಕಿ ಸುರಿದಿದ್ದರು. ಯಂತ್ರದ ಹಣೆಗೆ ಗಂಧ, ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ. ಕೊಯಮತ್ತೂರಿಗೆ ಬಂದ ಮೂರನೆಯ ದಿನ ಕೆಲಸದ ಮೇಲೆ ಪಂಪ್ ಕಾರ್ಖಾನೆಯೊಂದರೊಳಗೆ ಕಾಲಿಟ್ಟಾಗ ನಾನು ಮೊದಲು ಕಂಡದ್ದು ಇದನ್ನು. ಆಯುಧಪೂಜೆಯ ದಿನ. ನನ್ನ ಕೈಗೂ ಒಂದು ಪೊಟ್ಟಣ ಬಂತು: ಮಂಡಕ್ಕಿ, ಪುಟಾಣಿ, ಒಂದು ಚೂರು ಬೆಲ್ಲ. ಇಲ್ಲಿ ಮಂಡಕ್ಕಿಗೆ ‘ಪೊರಿ’ ಅನ್ನುತ್ತಾರೆ. ಚೆನ್ನಾಗಿದೆ, ಮತ್ತೆ ಯಾವಾಗ ತಿನ್ನುತ್ತೀರಿ ಎಂದು ಪಕ್ಕದಲ್ಲಿದ್ದವನನ್ನು ಕೇಳಿದೆ. ಮುಂದಿನ ವರ್ಷ, ಇದೇ ದಿನ, ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನು ತಮಾಷೆ ಮಾಡುತ್ತಿರಲಿಲ್ಲ.

ವರ್ಷಕ್ಕೊಂದು ಸಲ ಮಂಡಕ್ಕಿ ತಿನ್ನುವ ಊರಿಗೆ ಬಂದುಬಿಟ್ಟಿದ್ದೇನೆ ಎಂದು ಗೊತ್ತಾದದ್ದು ಆವತ್ತು. ಹರಪನಹಳ್ಳಿ, ಕೊಟ್ಟೂರು, ಹಡಗಲಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮಗೆ ಬೆಳಗ್ಗೆ ಒಗ್ಗರಣೆ ಮಂಡಕ್ಕಿ, ಸಂಜೆ ಮಿರ್ಚಿ ಮಂಡಕ್ಕಿ, ನೆಂಟರು ಬಂದರೆ ಮಂಡಕ್ಕಿ, ಬರದಿದ್ದರೂ ಮಂಡಕ್ಕಿ. ಅದರಲ್ಲೂ ಹರಪನಹಳ್ಳಿಯಲ್ಲಿ ನಮ್ಮದು ಮಂಡಕ್ಕಿ ಭಟ್ಟಿಯ ಮನೆ. ನಮ್ಮ ತಂದೆ, ಅಬ್ಬಾ, ನಡೆಸುತ್ತಿದ್ದ ಭಟ್ಟಿಯನ್ನು ಅವರು ತೀರಿಹೋದ ಮೇಲೆ ತಮ್ಮ ದಾದಾಪೀರ್ ನಡೆಸುತ್ತಿದ್ದಾನೆ. ನಾನು ಮೆಕ್ಯಾನಿಕಲ್ ಓದಿದೆ, ಇಲ್ಲಿಗೆ ಬಂದೆ. ಮನೆಯಲ್ಲಿ ನಾವು ಮಾತಾಡುವುದು ಉರ್ದು, ತಮ್ಮನಿಗೆ ನಾನು ‘ಆಪಾ’, ಅಂದರೆ ಅಕ್ಕ. ಭಟ್ಟಿಯ ವಿಷಯ ಬಂದರೆ ಮಾತ್ರ ಇಬ್ಬರೂ ತಾವಾಗಿಯೇ ಕನ್ನಡಕ್ಕೆ ಹೊರಳುತ್ತೇವೆ.

ಮನೆ ಹುಡುಕಿದ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಹೆಸರು ಮುಬೀನಾ ಎಂದ ಕೂಡಲೇ ಎರಡು ಮನೆಗಳು ‘ಈಗಷ್ಟೇ ಬೇರೆಯವರಿಗೆ ಕೊಟ್ಟೆವು’ ಅಂದವು. ಮೂರನೆಯ ಮನೆಯ ಸರೋಜಮ್ಮ ನನ್ನ ಹೆಸರು ಕೇಳುವ ಮೊದಲೇ ‘ಸಾಪ್ಟೀಂಗಳಾ’ ಅಂದರು, ಊಟ ಆಯ್ತಾ ಎಂದು. ಅಲ್ಲೇ ಉಳಿದೆ. ಈ ಕಡೆಯ ತಮಿಳಿನಲ್ಲಿ ಮಾತಿನ ಬಾಲಕ್ಕೆ ಒಂದು ‘ಂಗ’ ಅಂಟಿರುತ್ತದೆ. ಸರಿಂಗ, ವಾಂಗ, ಇಲ್ಲೀಂಗ: ಸರಿ, ಬನ್ನಿ, ಇಲ್ಲ. ನಮ್ಮ ‘ರಿ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಬರ್ರಿ, ನೋಡ್ರಿ, ಹೌದ್ರಿ ಎಂದು ಬೆಳೆದ ಕಿವಿಗೆ ಅದು ಬೇಗ ಹಿಡಿಸಿತು. ಭಾಷೆ ಅರ್ಥವಾಗುವ ಮೊದಲೇ ಮರ್ಯಾದೆ ಅರ್ಥವಾಗುತ್ತಿತ್ತು.

ಹಿಡಿಸದೆ ಉಳಿದದ್ದು ಊಟ. ಮೂರು ಹೊತ್ತೂ ಅಕ್ಕಿ. ಇಡ್ಲಿಯಾಗಿ ಅಕ್ಕಿ, ಅನ್ನವಾಗಿ ಅಕ್ಕಿ, ದೋಸೆಯಾಗಿ ಮತ್ತೆ ಅಕ್ಕಿ. ನೀರು ಮಾತ್ರ ಅಮೃತ. ಹರಪನಹಳ್ಳಿಯ ಬೋರ್‌ವೆಲ್ ನೀರು ಕುಡಿದ ನಾಲಗೆಗೆ ಇಲ್ಲಿಯ ನಲ್ಲಿ ನೀರಿಗೆ ಸಕ್ಕರೆ ಹಾಕಿದ್ದಾರೇನೋ ಅನ್ನಿಸುತ್ತದೆ. ಆದರೆ ಆ ನೀರಲ್ಲಿ ನಾದಲು ಜೋಳದ ಹಿಟ್ಟಿಲ್ಲ. ಹದಿನೈದು ದಿನ ಅಲೆದ ಮೇಲೆ ಜೋಳ ಸಿಕ್ಕಿದ್ದು ದನದ ಮೇವಿನ ಅಂಗಡಿಯಲ್ಲಿ. ಐದು ಕಿಲೋ ಕೊಡಿ ಎಂದೆ. ಅಂಗಡಿಯಾತ ‘ಎತ್ತನೆ ಮಾಡುಂಗ’ ಎಂದು ಕೇಳಿದ, ಎಷ್ಟು ದನ ಇವೆ ಎಂದು. ಒಂದೇ, ಅಂದೆ. ಮನೆಗೆ ಬಂದು ಆ ಒಂದು ದನ ರೊಟ್ಟಿ ಬಡಿದುಕೊಂಡು ತಿಂದು, ಸ್ವಲ್ಪ ಅತ್ತು, ಮಲಗಿತು.

ಇನ್ನು ಕೆಲಸದ ವಿಷಯ. ಕಾರ್ಖಾನೆಯವರು ಹೊಸ ಯಂತ್ರ ಕೊಳ್ಳುವ ಮೊದಲು, ಜಾಗ ಬದಲಿಸುವ ಮೊದಲು, ಹಾಗೆ ಮಾಡಿದರೆ ಏನಾದೀತು ಎಂದು ಕಂಪ್ಯೂಟರಿನಲ್ಲಿ ನಡೆಸಿ ನೋಡುವುದು ನಮ್ಮ ಕಚೇರಿಯ ಕಸುಬು. ಇದಕ್ಕೆ ಸಿಮ್ಯುಲೇಶನ್ ಅನ್ನುತ್ತೇವೆ. ಪರದೆಯ ಮೇಲೆ ಕಾರ್ಖಾನೆಯ ನಕ್ಷೆ, ಅದರಲ್ಲಿ ಹರಿದಾಡುವ ಚುಕ್ಕಿಗಳು. ಚುಕ್ಕಿ ಎಂದರೆ ಒಂದು ಪಂಪು, ಅಥವಾ ಒಂದು ಮೋಟರು, ಅಥವಾ ಒಬ್ಬ ಮನುಷ್ಯ. ಮನುಷ್ಯ ಕೆಲಸ ಮಾಡುತ್ತಿದ್ದರೆ ಹಸಿರು, ಕಾಯುತ್ತಿದ್ದರೆ ಕೆಂಪು. ಆರು ತಿಂಗಳ ಕೆಲಸ ಆರು ನಿಮಿಷದಲ್ಲಿ ಓಡಿ ಮುಗಿಯುತ್ತದೆ. ಎಲ್ಲಿ ಮಾಲು ಜಮಾಯಿಸುತ್ತದೆ, ಯಾರು ಸುಮ್ಮನಿದ್ದಾರೆ ಎಂಬುದು ಕಣ್ಣಿಗೆ ರಾಚುತ್ತದೆ.

ತೊಂದರೆ ಏನೆಂದರೆ ಪ್ರತಿ ಕಾರ್ಖಾನೆಗೂ ಮಾದರಿಯನ್ನು ಮೊದಲಿನಿಂದ ಕಟ್ಟಬೇಕು. ಪಂಪಿನವರದು ಮುಗಿಯಿತು ಎನ್ನುವಷ್ಟರಲ್ಲಿ ಗ್ರೈಂಡರಿನವರು ಬರುತ್ತಾರೆ, ಮತ್ತೆ ಅ ಆ ಇ ಈ. ಅದಕ್ಕೇ ಕಚೇರಿಯ ಮಾಲೀಕರಾದ ಸೆಂದಿಲ್ ಅವರಿಗೆ ಒಂದು ಹುಚ್ಚು ಹತ್ತಿತ್ತು. ಎಲ್ಲ ಕಾರ್ಖಾನೆಗೂ ಹೊಂದುವ ಒಂದೇ ಮಾದರಿ ಕಟ್ಟಬೇಕು. ಬರುವ ಮಾಲು, ಕಾಯುವ ಸಾಲು, ಯಂತ್ರ, ಕೆಲಸಗಾರ, ಹೊತ್ತು ಸಾಗಿಸುವ ಗಾಡಿ, ಹೀಗೆ ಕೆಲವೇ ತುಂಡುಗಳು. ಕಾರ್ಖಾನೆ ಬದಲಾದರೆ ತುಂಡು ಬದಲಾಗಬಾರದು, ಕೋಷ್ಟಕದಲ್ಲಿ ತುಂಬುವ ಅಂಕಿ ಮಾತ್ರ ಬದಲಾಗಬೇಕು. ಒಂದೇ ಸೇರಿನಲ್ಲಿ ನಾವು ಜೋಳವನ್ನೂ ಅಳೆಯುತ್ತೇವೆ, ಶೇಂಗಾವನ್ನೂ ಅಳೆಯುತ್ತೇವಲ್ಲ, ಅಂಥದ್ದೊಂದು ಸೇರು. ವರ್ಷವಿಡೀ ಅದನ್ನು ಕಟ್ಟಿದವರಲ್ಲಿ ನಾನೂ ಒಬ್ಬಳು.

ಕಟ್ಟಿದ ಮೇಲೆ ಪರೀಕ್ಷೆ ಬೇಕಲ್ಲ. ಈ ಮಾದರಿ ಕಟ್ಟುವಾಗ ನಮ್ಮ ಯಾರ ತಲೆಯಲ್ಲೂ ಇರದಿದ್ದ ಒಂದು ಕಾರ್ಖಾನೆಯನ್ನು ತನ್ನಿ, ಅದಕ್ಕೂ ಹೊಂದಿದರೆ ಗೆದ್ದೆವು ಎಂದರು ಸೆಂದಿಲ್. ಒಬ್ಬ ಬೇಕರಿ ತಂದ, ಒಬ್ಬಳು ಲಾಂಡ್ರಿ ತಂದಳು. ನಾನು ನಮ್ಮ ಭಟ್ಟಿ ತಂದೆ. ನಿಜ ಹೇಳಬೇಕೆಂದರೆ ನನಗೆ ಪರೀಕ್ಷೆ ಬೇಕಿರಲಿಲ್ಲ, ಊರು ಬೇಕಿತ್ತು. ಹೊಗೆಗೆ ಕಪ್ಪಾದ ಗೋಡೆ, ಮರಳು ಕಾಯುವ ವಾಸನೆ, ಬೆಲ್ಲದ ಚಹಾದ ಹೊತ್ತು, ಇವೆಲ್ಲ ಆ ಪರದೆಯ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಬಂದು ಕೂತಾವು ಎಂಬ ಆಸೆ.

ಭತ್ತ ನೆನೆಹಾಕುವುದು, ಬಿಸಿನೀರು ಉಣಿಸುವುದು, ಹುರಿಯುವುದು, ಬಯಲಿನಲ್ಲಿ ಒಣಗಿಸುವುದು, ಗಿರಣಿಯಲ್ಲಿ ಅಕ್ಕಿ ಮಾಡಿಸುವುದು, ಉಪ್ಪುನೀರು ಸವರುವುದು, ಕೊನೆಗೆ ಕಾದ ಮರಳಿನಲ್ಲಿ ಅರಳಿಸುವುದು. ದಾದಾಪೀರ್‌ನಿಂದ ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಂಡು, ಉಳಿದದ್ದನ್ನು ನೆನಪಿನಿಂದ ತುಂಬಿದೆ. ಒಣಗುವ ಸಮಯ ಎಂಬ ಖಾನೆಯಲ್ಲಿ ಇಂತಿಷ್ಟು ತಾಸು, ಸ್ವಲ್ಪ ಹೆಚ್ಚು ಕಡಿಮೆ, ಎಂದು ಬರೆದೆ. ನಾಲ್ಕೇ ದಿನಕ್ಕೆ ಭಟ್ಟಿ ಎದ್ದು ನಿಂತು ಓಡತೊಡಗಿತು. ಹಳದಿ ಚುಕ್ಕಿಗಳಾಗಿ ಭತ್ತ, ಹಸಿರು ಚುಕ್ಕಿಗಳಾಗಿ ಮಂದಿ. ಒಂದು ಚುಕ್ಕಿ ಮಾತ್ರ ಬಯಲಿನ ಅಂಚಿಗೆ ಬೆಳಗ್ಗೆಯಿಂದ ಸಂಜೆಯ ತನಕ ಕೆಂಪಗೆ ಕೂತಿತ್ತು. ಆಗೊಮ್ಮೆ ಈಗೊಮ್ಮೆ ಒಂದು ಕ್ಷಣ ಹಸಿರಾಗಿ ಮತ್ತೆ ಕೆಂಪಾಗುತ್ತಿತ್ತು.

ಅದು ಹನುಮಕ್ಕ. ನಾನು ಹುಟ್ಟುವ ಮೊದಲಿನಿಂದ ನಮ್ಮ ಭಟ್ಟಿಯಲ್ಲಿರುವವಳು. ಬಯಲಿನಲ್ಲಿ ಹರವಿದ ಭತ್ತದ ಪಕ್ಕ ಕೂರುವುದು, ಆಗಾಗ ಎದ್ದು ಕಾಲಿನಿಂದ ಗೀರು ಎಳೆದು ಭತ್ತ ತಿರುವುವುದು, ಒಂದು ಕಾಳು ಸುಲಿದು ಹಲ್ಲಿನಲ್ಲಿ ಕಟ್ಟನೆ ಕಡಿಯುವುದು, ಇಷ್ಟೇ ಅವಳ ಕೆಲಸ. ಅವಳು ‘ಬಳೀರಿ’ ಅಂದರೆ ಭತ್ತ ಬಳಿದು ಗುಡ್ಡೆ ಹಾಕಬೇಕು. ಅನ್ನದಿದ್ದರೆ ಮಾಲೀಕರೂ ಮುಟ್ಟುವಂತಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಅವಳ ತೊಡೆಗೆ ಆನಿಕೊಂಡು ಕಾಳು ಕಡಿಯುತ್ತಿದ್ದೆ. ಅವಳ ಸೆರಗಿನ ಹೊಟ್ಟಿನ ವಾಸನೆ ಇವತ್ತಿಗೂ ನನಗೆ ನಿದ್ದೆ ತರಿಸಬಲ್ಲದು.

ಇಷ್ಟೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು ಕೇಳಿ. ಆ ಕೆಂಪು ಚುಕ್ಕಿಯನ್ನು ತೆಗೆದು ಮಾದರಿಯನ್ನು ಇನ್ನೊಮ್ಮೆ ಓಡಿಸಿದೆ. ಮಂಡಕ್ಕಿ ಒಂದು ಚೀಲವೂ ಕಡಿಮೆಯಾಗಲಿಲ್ಲ. ಕಚೇರಿಯಲ್ಲಿ ಅದನ್ನೇ ತೋರಿಸಿದೆ. ನಮ್ಮ ಮಾದರಿ ಮಂಡಕ್ಕಿ ಭಟ್ಟಿಗೂ ಹೊಂದುತ್ತದೆ, ನೋಡಿ, ಎಲ್ಲಿ ಕೈ ಹೆಚ್ಚಾಗಿದೆ ಎಂಬುದನ್ನೂ ಹೇಳುತ್ತದೆ ಎಂದೆ. ಚಪ್ಪಾಳೆ ಬಿತ್ತು. ಊರು ಬಿಟ್ಟ ಮೇಲೆ ನನಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಉಬ್ಬಿಹೋಗಿ, ಆ ಓಡುವ ಚಿತ್ರವನ್ನು ದಾದಾಪೀರ್‌ಗೂ ಕಳಿಸಿದೆ.

ಅವನು ಅದನ್ನು ಚಹಾದ ಹೊತ್ತಿಗೆ ಭಟ್ಟಿಯ ಹೆಂಗಸರಿಗೆಲ್ಲ ತೋರಿಸಿದ್ದಾನೆ. ಇದು ನೀನು, ಇದು ನಾನು ಎಂದು ಎಲ್ಲರೂ ತಮ್ಮ ತಮ್ಮ ಚುಕ್ಕಿ ಹುಡುಕಿ ನಕ್ಕಿದ್ದಾರೆ. ಕೆಂಪು ಯಾಕೆ ಎಂದು ಹನುಮಕ್ಕ ಕೇಳಿದ್ದಕ್ಕೆ, ಸುಮ್ಮನೆ ಕುಂತವರು ಕೆಂಪಗೆ ಕಾಣುತ್ತಾರೆ ಎಂದು ನಗುನಗುತ್ತಲೇ ಹೇಳಿದ್ದಾನೆ. ಹನುಮಕ್ಕ ಲೋಟ ತೊಳೆದಿಟ್ಟು, ಸಂಜೆಯ ತನಕ ಕೂತು, ಭತ್ತ ಬಳಿಸಿ ಮನೆಗೆ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಇದು ನನಗೆ ತಿಳಿದದ್ದು ಎರಡು ವಾರದ ಮೇಲೆ. ದಾದಾಪೀರ್ ಫೋನ್ ಮಾಡಿದ. “ಮಂಡಕ್ಕಿ ಅರಳವಲ್ದು ಆಪಾ,” ಅಂದ. “ಒಂದಿನ ಅಕ್ಕಿ ಗಿರಣ್ಯಾಗ ಪುಡಿ ಆಕ್ಕತಿ, ಒಂದಿನ ಮರಳಾಗ ಹಾಕಿದ್ರ ಕಲ್ಲಿನಂಗ ಉಳೀತತಿ. ಹನುಮಕ್ಕ ಮಗಳ ಮನಿಗೆ ಹೋಗ್ಯಾಳ. ಕರದ್ರ ಬರವಲ್ಲಳು.”

ಫೋನ್ ಇಟ್ಟು ಕೋಷ್ಟಕ ತೆರೆದೆ. ಒಣಗುವ ಸಮಯ, ಇಂತಿಷ್ಟು ತಾಸು, ಸ್ವಲ್ಪ ಹೆಚ್ಚು ಕಡಿಮೆ. ಆ ಹೆಚ್ಚು ಕಡಿಮೆ ಅಂದರೇನು ಎಂದು ನಾನು ಕೇಳಿಕೊಂಡೇ ಇರಲಿಲ್ಲ. ಬಿಸಿಲು ತಾನಾಗಿ ಅಷ್ಟು ಹೊತ್ತಿಗೆ ಭತ್ತ ಒಣಗಿಸುತ್ತದೆ ಎಂದು ತಿಳಿದಿದ್ದೆ. ಗಾಳಿ ತಿರುಗಿದ ದಿನ, ಮೋಡ ಮುಚ್ಚಿದ ದಿನ, ಇನ್ನು ಸಾಕು, ಇನ್ನೂ ಬೇಕು ಎಂದು ಹೇಳುತ್ತಿದ್ದದ್ದು ಹನುಮಕ್ಕನ ಹಲ್ಲು. ಆ ಖಾನೆಯಲ್ಲಿದ್ದ ಅಂಕಿಯೇ ಅವಳು. ಅಂಕಿಯನ್ನು ಉಳಿಸಿಕೊಂಡು ಹೆಂಗಸನ್ನು ತೆಗೆದುಹಾಕಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ರಜೆ ಬರೆದುಕೊಟ್ಟು ಹೊರಟೆ.

ಎರಡು ರೈಲು ಹತ್ತಿ, ದಾವಣಗೆರೆಯಲ್ಲಿ ಇಳಿದು, ಹರಪನಹಳ್ಳಿ ಮುಟ್ಟಿದೆ. ಹನುಮಕ್ಕನನ್ನು ಕರೆತರಲು ಬರುತ್ತೀಯಾ ಅಂದರೆ ದಾದಾಪೀರ್ ಮುಖ ತಗ್ಗಿಸಿದ. ಅವನಿಗೆ ಅವಳ ಎದುರು ನಿಲ್ಲಲು ನಾಚಿಕೆ. ಒಬ್ಬಳೇ ಬಸ್ಸು ಹತ್ತಿದೆ. ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ಕೊಂಡು ಕೂತೆ. ಈ ರುಚಿಗಾಗಿ ವರ್ಷವೆಲ್ಲ ಬಾಯಿ ಕಟ್ಟಿಕೊಂಡಿದ್ದವಳು, ನಾಲ್ಕು ಕಾಳು ತಿಂದು ಪೊಟ್ಟಣ ಮಡಚಿಟ್ಟೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ತಂಬ್ರಹಳ್ಳಿಗೆ ಬರುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ಹನುಮಕ್ಕ ಮಗಳ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ಕಂಡು ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಬಿಸಿಲಲ್ಲಿ ಬಂದಿದ್ದೀ ಎಂದು ಒಳಗಿನಿಂದ ನೀರು ತಂದಳು. ರೊಟ್ಟಿ, ಹಿಂಡಿಪಲ್ಲೆ ಬಡಿಸಿದಳು. ನಾನು ಉಂಡು ಕೈ ತೊಳೆಯುವ ತನಕ ಆ ಮಾತು ಎತ್ತಲಿಲ್ಲ. ತಪ್ಪಾಯಿತು ಎಂದು ನಾನೇ ಶುರು ಮಾಡಿದೆ. ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ ಅಂದೆ.

“ಕಂಪ್ಯೂಟರಿಗೆ ಗೊತ್ತಾಗಾದಿಲ್ಲ, ಬರೋಬ್ಬರಿ ಐತಿ,” ಅಂದಳು. “ನಿನಗ ಗೊತ್ತಿತ್ತಲ್ಲವ್ವಾ. ನನ್ನ ತೊಡಿಮ್ಯಾಲ ಕುಂತು ಕಾಳು ಕಡದಾಕಿ ನೀನು.”

ಅವಳು ಶೇಂಗಾದ ಮೊರ ಹತ್ತಿರ ಎಳೆದುಕೊಂಡು, ಸ್ವಲ್ಪ ಹೊತ್ತು ಸುಲಿದು, ಕೇಳಿದಳು.

“ಆ ಊರಾಗ ನೀನು ಯಾವ ಬಣ್ಣ ಅದಿ?”

ನಾನು ಏನೇನೋ ಹೇಳಲು ಹೊರಟೆ. ಕೆಲಸ ಬಹಳ, ಪುರಸೊತ್ತಿಲ್ಲ, ಮೆಚ್ಚಿಕೊಳ್ಳುತ್ತಾರೆ ಎಂದು. ಅವಳು ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಯಲಿನ ಅಂಚಿಗೆ ಕೂತು ಭತ್ತವನ್ನು ನೋಡುವುದೂ ಹಾಗೆಯೇ. ಅಲ್ಲಿ ಬೆಳಗ್ಗೆ ಎದ್ದರೆ ಊರ ಫೋನಿಗೆ ಕಾಯುತ್ತೇನೆ, ರಜೆಗೆ ಕಾಯುತ್ತೇನೆ, ಯಾರಾದರೂ ಕನ್ನಡ ಆಡಿಯಾರೇನೋ ಎಂದು ಬಸ್ಸಿನಲ್ಲಿ ಕಿವಿ ನಿಮಿರಿಸಿ ಕೂರುತ್ತೇನೆ.

“ಕೆಂಪು,” ಅಂದೆ.

ಹನುಮಕ್ಕ ನಕ್ಕಳು, ಆಮೇಲೆ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಒಂದು ಸಲ ಹರವಿದ ಭತ್ತ ಒಣಗುವ ತನಕ ನೀನು ನನ್ನ ಜೊತೆ ಬಯಲಿನಲ್ಲಿ ಕೂರುವುದಾದರೆ ನಾಳೆ ಬರುತ್ತೇನೆ, ಫೋನು ಮನೆಯಲ್ಲಿ ಇಟ್ಟು ಬರಬೇಕು, ಅಂದಳು.

ಮರುದಿನ ಹರಪನಹಳ್ಳಿಯ ಬಯಲಿನಲ್ಲಿ ಇಬ್ಬರೂ ಕೂತೆವು. ಕೂತ ಮೇಲೆ ತಿಳಿಯಿತು, ಕೂರುವುದು ಎಷ್ಟು ಕಷ್ಟದ ಕೆಲಸ ಎಂದು. ಗಾಳಿ ಹಡಗಲಿಯ ಕಡೆಯಿಂದ ಬಂದರೆ ಒಂದು ಲೆಕ್ಕ, ಕೂಡ್ಲಿಗಿಯ ಕಡೆಯಿಂದ ಬಂದರೆ ಇನ್ನೊಂದು. ನೆರಳು ಹರಿದರೆ ತಲೆ ಎತ್ತುತ್ತಾಳೆ, ಕಾಲಡಿಯ ಭತ್ತದ ಸದ್ದು ಬದಲಾದರೆ ತಲೆ ತಗ್ಗಿಸುತ್ತಾಳೆ. ಮಧ್ಯಾಹ್ನ ತಿರುಗಿದ ಮೇಲೆ ಒಂದು ಕಾಳು ಸುಲಿದು ನನ್ನ ಬಾಯಿಗೆ ಹಾಕಿದಳು. ಕಡಿದೆ. ಕಟ್ ಅಂದಿತು. ಆಯಿತು, ಬಳಿಸೋಣ ಅಂದೆ. ಅವಳೂ ಒಂದು ಕಡಿದು, ಇಲ್ಲವೆಂದು ತಲೆಯಾಡಿಸಿದಳು. ಎಂಟು ವರ್ಷದವಳಿದ್ದಾಗ ನಾನು ತಪ್ಪುತ್ತಿರಲಿಲ್ಲ. ಈಗ ಹಲ್ಲಿಗೆ ಮರೆತುಹೋಗಿದೆ. ನಾನು ಊರು ಬಿಟ್ಟದ್ದನ್ನು ಆ ಒಂದು ಕಾಳು ಹೇಳಿದಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ಹೇಳಿಲ್ಲ. ಕಾಲು ತಾಸು ಬಿಟ್ಟು ಅವಳು ಎದ್ದು ನಿಂತು ಬಳೀರಿ ಎಂದಳು. ದಾದಾಪೀರ್ ತಾನೇ ಮೊದಲು ಬುಟ್ಟಿ ಹಿಡಿದುಕೊಂಡು ಓಡಿ ಬಂದ. ಅವಳೆದುರು ಅವನು ಕೇಳಿದ ಕ್ಷಮೆ ಅಷ್ಟೇ, ಅವಳಿಗೆ ಅಷ್ಟು ಸಾಕಾಯಿತು.

ಕೊಯಮತ್ತೂರಿಗೆ ಹಿಂದಿರುಗಿ, ನಮ್ಮ ಮಾದರಿಗೆ ಒಂದು ತುಂಡು ಕಡಿಮೆ ಇದೆ ಎಂದು ಸೆಂದಿಲ್ ಅವರಿಗೆ ಹೇಳಿದೆ. ಕೆಲಸ, ಕಾಯುವಿಕೆ ಎರಡೂ ಅಲ್ಲದ ಮೂರನೆಯದೊಂದು ಬೇಕು, ಅದಕ್ಕೆ ಹದ ನೋಡುವುದು ಅನ್ನುತ್ತೇವೆ ಎಂದೆ. ಅವರಿಗೆ ಸರಿಬರಲಿಲ್ಲ. ಒಂದೂರಿನ ಒಬ್ಬ ಹೆಂಗಸಿಗಾಗಿ ತುಂಡು ಸೇರಿಸಿದರೆ ಅದು ಎಲ್ಲರ ಮಾದರಿ ಹೇಗಾದೀತು ಎಂದರು. ನಾನು ಬಿಡಲಿಲ್ಲ, ಜಗಳಕ್ಕೇ ನಿಂತೆ. ಕೊನೆಗೆ ಅವರನ್ನೇ ಅವರ ಹಳೆಯ ಗಿರಾಕಿಯ ಎರಕದ ಕಾರ್ಖಾನೆಗೆ ಕರೆದುಕೊಂಡು ಹೋದೆ. ಕುಲುಮೆಯ ಪಕ್ಕ ಒಬ್ಬರು ಹಿರಿಯರು ಸ್ಟೂಲಿನ ಮೇಲೆ ಕೂತು ಕರಗಿದ ಕಬ್ಬಿಣದ ಬಣ್ಣ ನೋಡುತ್ತಿದ್ದರು. ಆ ಕಾರ್ಖಾನೆಗೆಂದು ಹಿಂದೆ ಕಟ್ಟಿದ್ದ ಮಾದರಿಯಲ್ಲಿ ಅವರೂ ಎರಡು ವರ್ಷದಿಂದ ಕೆಂಪು. ಅವರೇನು ಮಾಡುತ್ತಿದ್ದಾರೆ ಎಂದು ಕೇಳಿದೆ.

“ಪದಮ್ ಪಾಕ್ಕಿರಾರುಂಗ,” ಅಂದರು ಸೆಂದಿಲ್, ಯೋಚನೆ ಮಾಡದೆ.

ಹದ ನೋಡುತ್ತಿದ್ದಾರೆ ಎಂದೇ ಅದರ ಅರ್ಥ. ಹೇಳಿದ ಮೇಲೆ ಅವರೇ ನಕ್ಕು, ಸೇರಿಸಿ ಎಂದರು. ಈಗ ನಮ್ಮ ಮಾದರಿಯಲ್ಲಿ ಆ ತುಂಡು ಇದೆ. ಅದಕ್ಕೆ ಒಣಗಿದ ಭತ್ತದ ಬಣ್ಣ ಕೊಟ್ಟಿದ್ದೇನೆ. ಆ ತುಂಡನ್ನು ತೆಗೆದು ಓಡಿಸಿದರೆ ಮಾಲು ಕೆಡುತ್ತ ಹೋಗುವುದೂ ಪರದೆಯ ಮೇಲೆ ಕಾಣುತ್ತದೆ. ಎರಕದವರಿಗೆ, ಬೇಕರಿಯವರಿಗೆ, ಬಣ್ಣ ಅದ್ದುವವರಿಗೆ, ಎಲ್ಲರಿಗೂ ಅದು ಹೊಂದುತ್ತಿದೆ. ಹನುಮಕ್ಕನನ್ನು ಕಾಣದ ಊರುಗಳಲ್ಲಿ ಅವಳು ಬಯಲಿನ ಅಂಚಿಗೆ ಕೂತಿದ್ದಾಳೆ.

ನನ್ನ ವಿಷಯ ಕೇಳಿದರೆ ಹೇಗೆ ಹೇಳಲಿ. ಸರೋಜಮ್ಮ ಈಗ ತಿಂಗಳಿಗೊಮ್ಮೆ ನನ್ನಿಂದ ಒಗ್ಗರಣೆ ಮಂಡಕ್ಕಿ ಮಾಡಿಸಿಕೊಂಡು ತಿನ್ನುತ್ತಾರೆ. ಹಬ್ಬವಿಲ್ಲದೆ ಪೊರಿ ತಿನ್ನುವ ಮನೆ ಈ ಬೀದಿಯಲ್ಲಿ ನಮ್ಮದೊಂದೇ. ಮೇವಿನ ಅಂಗಡಿಯಾತ ದನ ಹೇಗಿದೆ ಎಂದು ವಿಚಾರಿಸುತ್ತಾನೆ. ಊರಿಗೆ ಹೋದರೆ ಬಾಯಿತಪ್ಪಿ ‘ಸರಿಂಗ’ ಅಂದು ಬೈಸಿಕೊಳ್ಳುತ್ತೇನೆ. ಅಲ್ಲಿದ್ದಾಗ ಇಲ್ಲಿಯ ನೀರು ನೆನಪಾಗುತ್ತದೆ, ಇಲ್ಲಿದ್ದಾಗ ಅಲ್ಲಿಯ ಹೊಗೆ.

ಭತ್ತ ಹರವಿದ ದಿನ ಮಧ್ಯಾಹ್ನ ದಾದಾಪೀರ್‌ನ ಫೋನಿನಿಂದ ಹನುಮಕ್ಕ ನನಗೆ ಫೋನ್ ಮಾಡುತ್ತಾಳೆ. ಕ್ಷೇಮ ಸಮಾಚಾರ ಏನೂ ಇಲ್ಲ. ಕೇಳು, ಅನ್ನುತ್ತಾಳೆ. ನಾನು ಕೆಲಸ ಬಿಟ್ಟು, ಪರದೆಯಿಂದ ಕಣ್ಣು ತೆಗೆದು, ಕಿವಿಗೆ ಒತ್ತಿ ಹಿಡಿಯುತ್ತೇನೆ. ಗಾಳಿಯ ಸದ್ದು, ದೂರದಲ್ಲಿ ಯಾರೋ ಕೂಗಿದ್ದು, ಆಮೇಲೆ ಅವಳ ಹಲ್ಲಿನ ನಡುವೆ ಒಂದು ಕಾಳು ಮುರಿದದ್ದು.

“ಆಗೇತೇನವ್ವಾ?” ಅನ್ನುತ್ತಾಳೆ.

ಆಗೇತಿ, ಅನ್ನುತ್ತೇನೆ ನಾನು, ಪ್ರತಿ ಸಲವೂ, ಅವಸರದಲ್ಲಿ.

“ಇನ್ನೂ ಇಲ್ಲ,” ಅನ್ನುತ್ತಾಳೆ ಹನುಮಕ್ಕ. “ಇನ್ನೊಂಚೂರು ತಡಿ.”